ಬಾಯಿ ಇರಲಿ, ಬಾಕಿ ತೆಗೀರಿ!

ಜೇವರ್ಗಿ ಬಸ್ ನಿಲ್ದಾಣದ ಕಂಟ್ರೋಲರ್ ದೌಲತರಾಯರು ಅಂದು ಬೆಳಿಗ್ಗೆ ಚಹಾದ ಬಶಿಯನ್ನು ಠಪ್ಪೆಂದು ಕೆಳಗಿಟ್ಟರು. ಎಡಗೈಯನ್ನು ಆಕಾಶಕ್ಕೆತ್ತಿ ಒಂದು ಘೋರ ಪ್ರತಿಜ್ಞೆ ಮಾಡಿದರು.

"ಇನ್ನ ಈ ಕೈಮ್ಯಾಲ ಹೀರಾಬಾಯಿ ಇರಬಾರದು! ಇದ್ದರ ನಾ ದೌಲತರಾಯನೇ ಅಲ್ಲ!"

ಪ್ರತಿಜ್ಞೆಗೆ ಸಾಕ್ಷಿಯಾಗಿ ಅಂಗಳದಲ್ಲಿ ಇದ್ದದ್ದು ಒಂದು ನೀರಿನ ಕೊಡ, ಒಂದು ಬೆಕ್ಕು. ಹೆಂಡತಿ ಸುಭದ್ರಾಬಾಯಿಯವರು ಒಳಗೆ ರೊಟ್ಟಿ ಬಡಿಯುತ್ತಿದ್ದರು. ಜೋಳದ ರೊಟ್ಟಿ ಬಡಿಯುವ ಸಪ್ಪಳದ ಮುಂದೆ ಯಾವ ಗಂಡಸಿನ ಪ್ರತಿಜ್ಞೆ ತಾನೇ ಕೇಳಿಸೀತು! ಬೆಕ್ಕು ಆಕಳಿಸಿ ಎದ್ದು ಹೋಯಿತು.

ಈ ಹೀರಾಬಾಯಿ ಯಾರು ಅಂತೀರಾ? ಹಚ್ಚೆ! ದೌಲತರಾಯರ ಎಡಗೈಯ ಒಳಮಗ್ಗುಲಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಹಸಿರು ಬಣ್ಣದಲ್ಲಿ, ದಪ್ಪ ದಪ್ಪ ಅಕ್ಷರಗಳಲ್ಲಿ, ಬಸ್ಸಿನ ಬೋರ್ಡಿನಂತೆ ದೂರದಿಂದಲೇ ಓದಲು ಬರುವ ಹಾಗೆ "ಹೀರಾಬಾಯಿ" ಎಂದು ಬರೆದಿತ್ತು. ಬರೆಸಿಕೊಂಡದ್ದು ಮದುವೆಗೆ ಮುಂಚೆ. ಆಗ ಅವರಿನ್ನೂ ಆಳಂದದ ಕಡೆಯ ಖಜೂರಿಯಲ್ಲಿ ಮೀಸೆ ತಿರುವುತ್ತಿದ್ದ ಹುಡುಗ. ಅಫಜಲಪುರದ ಹೀರಾಬಾಯಿ ಎಂಬ ಹುಡುಗಿಯೊಂದಿಗೆ ಮದುವೆ ಗೊತ್ತಾಗಿತ್ತು. ಹುಡುಗಿಯನ್ನು ಒಂದೇ ಸಲ ನೋಡಿದ್ದು, ಅದೂ ಅವಳು ಚಹಾದ ತಾಟು ಹಿಡಿದು ತಲೆ ತಗ್ಗಿಸಿದ್ದಾಗ. ಅಷ್ಟಕ್ಕೇ ಹುಡುಗನ ತಲೆ ತಿರುಗಿಹೋಗಿತ್ತು. ಅದೇ ವಾರ ಹಚ್ಚೆ ಹಾಕುವ ನಿಂಬೆವ್ವ ಓಣಿಗೆ ಬಂದು ಹೆಣ್ಣುಮಕ್ಕಳ ಕೈಮೇಲೆ ತುಳಸಿಕಟ್ಟೆ, ಚುಕ್ಕಿ ಹಾಕುತ್ತಿದ್ದಾಗ ಈ ಗಂಡುಗಲಿ ನಡುವೆ ನುಗ್ಗಿ ಕೈ ಚಾಚಿ ಕುಳಿತುಬಿಟ್ಟ.

"ಹೆಂಡ್ತಿ ಹೆಸರು ಬರಸ್ಕೊಂಡ ಗಂಡಸನ್ನ ನಾ ಇನ್ನೂ ಕಂಡಿಲ್ಲ ನೋಡಪ್ಪ," ಎಂದಳು ನಿಂಬೆವ್ವ.

"ಇವತ್ತ ಕಾಣು!" ಎಂದ ಹುಡುಗ.

ಮದುವೆಯ ದಿನ ಹಂದರದಲ್ಲಿ ಬಾಂಬು ಬಿತ್ತು. ಬಾಂಬಿನ ಹೆಸರು ದೊಡ್ಡತ್ತಿ. ದೌಲತರಾಯರ ಅಪ್ಪನ ಅಕ್ಕ. ಹುಟ್ಟಿದಾಗಿನಿಂದ "ದೊಡ್ಡತ್ತಿ" ಎಂದೇ ಕರೆಯುತ್ತಿದ್ದ ಆ ಮುದುಕಿಗೆ ಬೇರೊಂದು ಹೆಸರಿದೆ ಎಂಬುದೇ ಹುಡುಗನಿಗೆ ಗೊತ್ತಿರಲಿಲ್ಲ.

"ಸೊಸಿ ಹೆಸರು ಹೀರಾಬಾಯಿ ಅಂತನಾ? ಆಗಂಗಿಲ್ಲ! ಈ ಮನ್ಯಾಗ ಒಬ್ಬಾಕಿ ಹೀರಾಬಾಯಿ ಇದ್ದಾಳ, ಅದು ನಾನು! ನಾಳಿಗೆ ಯಾರರ ಹೀರಾಬಾಯಿಗಿ ಬೈದರ ಅದು ಯಾರಿಗಿ ಹತ್ತಬೇಕು?"

ಪ್ರಶ್ನೆ ಗಂಭೀರವಾಗಿತ್ತು. ಮನೆಗೆ ಬಂದ ಸೊಸೆಗೆ ಹೆಸರು ಬದಲಿಸುವ ಪದ್ಧತಿ ಅವರಲ್ಲಿ ಹೇಗೂ ಇತ್ತು. ತಟ್ಟೆಯಲ್ಲಿ ಅಕ್ಕಿ ಹರವಿದರು. ಮದುಮಗ ಉಂಗುರ ಹಿಡಿದು ಅಕ್ಕಿಯಲ್ಲಿ "ಸುಭದ್ರಾಬಾಯಿ" ಎಂದು ಬರೆದ. ಬರೆದ ಬಲಗೈ ಅಕ್ಕಿಯ ಮೇಲೆ, ತಟ್ಟೆ ಹಿಡಿದ ಎಡಗೈಯಲ್ಲಿ ಇನ್ನೂ ಹಸಿ ಹಸಿಯಾಗಿದ್ದ "ಹೀರಾಬಾಯಿ." ಮದುಮಗಳು ಸೆರಗಿನೊಳಗಿಂದ ಅದನ್ನೂ ನೋಡಿದಳು, ಇದನ್ನೂ ನೋಡಿದಳು.

ಆಳಂದದಲ್ಲಿ ನೌಕರಿ ಮಾಡಿಕೊಂಡಿರುವ ತನಕ ಈ ಕಥೆ ಎಲ್ಲರಿಗೂ ಗೊತ್ತಿತ್ತು, ತೊಂದರೆ ಇರಲಿಲ್ಲ. ದೊಡ್ಡತ್ತಿಯೂ ಕಾಲವಾದಳು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ದೌಲತರಾಯರಿಗೆ ಜೇವರ್ಗಿಗೆ ವರ್ಗವಾಯಿತು. ಖಾಕಿ ಅಂಗಿಗೆ ಅರ್ಧ ತೋಳು. ಕಂಟ್ರೋಲರ್ ಎಂದ ಮೇಲೆ ಕೈ ಎತ್ತಿ ಬಸ್ಸು ತೋರಿಸಲೇಬೇಕು. ಬಂದ ಮೊದಲ ದಿನವೇ ಕೈ ಎತ್ತಿ, "ನೆಲೋಗಿ ಗಾಡಿ ಅಲ್ಲಿ ನಿಂತದ, ಹತ್ತರಿ!" ಎಂದು ಗುಡುಗಿದರು. ಜನ ನೆಲೋಗಿ ಗಾಡಿಯನ್ನು ನೋಡಲಿಲ್ಲ, ಕೈ ನೋಡಿದರು. ಕೊಳಕೂರಿನ ರೈತನೊಬ್ಬ ಅಕ್ಷರ ಕೂಡಿಸಿ ಕೂಡಿಸಿ ಓದಿ, ಬಹಳ ವಿನಯದಿಂದ ಕೇಳಿದ:

"ಹೀರಾಬಾಯಿಯವರ, ಕೊಳಕೂರ ಗಾಡಿ ಎಷ್ಟಕ್ಕ ಬಿಡ್ತದ್ರಿ?"

ಇಡೀ ನಿಲ್ದಾಣ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಜೇವರ್ಗಿಯಲ್ಲಿ ದೌಲತರಾಯ ಎಂಬ ಮನುಷ್ಯ ಉಳಿಯಲಿಲ್ಲ. "ಹೀರಾಬಾಯಿ ಸಾಹೇಬರ ಡ್ಯೂಟಿ ಅದನೋ, ರಜಾನೋ?" "ಹೀರಾಬಾಯಿ ಸಾಹೇಬರು ಚಹಾ ಕುಡ್ಯಾಕ ಹೋಗ್ಯಾರ." ಅದು ತನ್ನ ಹೆಂಡತಿಯ ಹೆಸರೇ ಎಂದು ಅವರು ಆಣೆ ಮಾಡಿ ಹೇಳಿದರು. "ಮನ್ಯಾಗಿನವರ ಹೆಸರು ಸುಭದ್ರಾಬಾಯಿ ಅಂತ ಮೊನ್ನಿ ನೀವೇ ಅಂದ್ರಲ್ರಿ ಸಾಹೇಬರ?" ಎಂದು ಚಹಾದಂಗಡಿಯವನು ಕಣ್ಣು ಮಿಟುಕಿಸಿದ. ಸತ್ಯ ಹೇಳಿದಷ್ಟೂ ಮರ್ಯಾದೆ ಹೋಗುವ ಪ್ರಸಂಗವನ್ನು ಶತ್ರುವಿಗೂ ದೇವರು ಕೊಡಬಾರದು!

ಮಾತು ಓಣಿಗೂ ಬಂತು. ಪಕ್ಕದ ಮನೆಯ ಜೈತುನಬಿ ತಡೆಯಲಾರದೆ ಸುಭದ್ರಾಬಾಯಿಯವರನ್ನೇ ಕೇಳಿಬಿಟ್ಟಳು: "ಅಕ್ಕಾ, ಸಿಟ್ಟ ಆಗಬ್ಯಾಡ್ರಿ. ಆ ಹೀರಾಬಾಯಿ ಅನ್ನಾಕಿ ಯಾರ್ರಿ?"

ಸುಭದ್ರಾಬಾಯಿಯವರು ಅಕ್ಕಿ ಆರಿಸುತ್ತ, ತಲೆ ಎತ್ತದೆ, "ಆಕಿನ್ನ ನೋಡಿ ನನಗೂ ಭಾಳ ವರ್ಷ ಆಯ್ತವ್ವಾ," ಎಂದರು.

ಒಳಗೆ ಕುಳಿತು ಕೇಳುತ್ತಿದ್ದ ದೌಲತರಾಯರು ದಡಕ್ಕನೆ ಎದ್ದು ನಿಂತರು. ಜೈತುನಬಿ ಹೋದ ಕೂಡಲೇ ಹೊರಗೆ ಹಾರಿದರು. "ಏನ್ ಬೇ, ಹಂಗ್ಯಾಕ ಅಂದಿ? ಅದು ನಾನೇ ಅಂತ ಹೇಳಾಕ ಏನಾಗಿತ್ತು ನಿನಗ?"

"ಅದು ನೀವ್ ಹ್ಯಾಂಗ ಆಗ್ತೀರಿ?"

"ನಾನಲ್ಲ! ನೀನು! ಹೀರಾಬಾಯಿ ಅಂದ್ರ ನೀನೇ ಅಂತ!"

"ಹೌದಾ?" ಎಂದು ಸುಭದ್ರಾಬಾಯಿಯವರು ಕಲ್ಲು ಆರಿಸಿ ಒಗೆದರು. "ಯಾರೂ ಹಂಗ ಕರದಿಲ್ಲಲ್ರಿ, ಮರ್ತು ಹೋಗಿತ್ತು."

ಇದರಿಂದ ದೌಲತರಾಯರು ಒಂದು ನಿರ್ಣಯಕ್ಕೆ ಬಂದರು: ಹೆಂಡತಿಗೆ ಆ ಹಚ್ಚೆ ಕಂಡರೆ ಆಗದು. ಇದಕ್ಕೆ ಇನ್ನೊಂದು ಪುರಾವೆಯೂ ಇತ್ತು. ಸೋಮವಾರ ತಲೆಸ್ನಾನದ ದಿನ ಅವರ ಬೆನ್ನುಜ್ಜುವಾಗ ಸುಭದ್ರಾಬಾಯಿಯವರು ಮೊದಲು ಎಡಗೈಯನ್ನೇ ಎಳೆದುಕೊಂಡು, ಆ ಅಕ್ಷರಗಳನ್ನು ಕೊಬ್ಬರಿನಾರಿನಿಂದ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ಪಾಪ, ಹೋಗಲಿ ಅಂತ ತಿಕ್ಕುತ್ತಾಳೆ! ಬಾಯಿಬಿಟ್ಟು ಹೇಳಲಾರಳು! ತನ್ನ ಮರ್ಯಾದೆಯೂ ಉಳಿಯಬೇಕು, ಹೆಂಡತಿಯ ಮನಸ್ಸೂ ತಣ್ಣಗಾಗಬೇಕು. ಆ ಬೆಳಗಿನ ಘೋರ ಪ್ರತಿಜ್ಞೆ ಹುಟ್ಟಿದ್ದು ಹೀಗೆ.

ಮೊದಲು ನಿಂಬೆಹಣ್ಣು, ಉಪ್ಪು ಹಚ್ಚಿ ನೋಡಿದರು. ಕೈ ಉರಿಯಿತು, ಹೀರಾಬಾಯಿ ಹೊಳೆದಳು. ಇಟ್ಟಂಗಿ ಚೂರಿನಿಂದ ತಿಕ್ಕಿದರು. ತೊಗಲು ಸುಲಿಯಿತು, ಹೀರಾಬಾಯಿ ನಕ್ಕಳು. ಕೊನೆಗೆ ಹೈದರಾಬಾದ್ ಗಾಡಿಯ ಕಂಡಕ್ಟರ್ ಗುರಣ್ಣ ಸುದ್ದಿ ತಂದ.

"ಸಾಹೇಬರ, ಹೈದ್ರಾಬಾದಿನಾಗ ಲೇಸರ್ ಅಂತ ಬಂದದ್ರಿ. ಬೆಳಕು ಬಿಡ್ತಾರ. ಮಚ್ಚಿ, ಬಂಗು, ಹಚ್ಚಿ ಎಲ್ಲಾ ಮಾಯಾ!"

"ನೋವು?"

"ಬೆಳಕಿಗೆಲ್ಲಿ ನೋವು ಸಾಹೇಬರ? ಬ್ಯಾಟರಿ ಬಿಟ್ಟರ ನೋವಾಗ್ತದೇನು?"

ಅಂದು ಮಧ್ಯಾಹ್ನ ಊಟದ ಹೊತ್ತಿಗೆ ದೌಲತರಾಯರ ತಲೆಯಲ್ಲಿ ಇನ್ನೊಂದು ಬೆಳಕು ಬಿತ್ತು. ಹೀರಾಬಾಯಿ. ಸುಭದ್ರಾಬಾಯಿ. ಎರಡರಲ್ಲೂ "ಬಾಯಿ" ಇದೆ! ಅಂದಮೇಲೆ ಇಡೀ ಹೆಸರು ಯಾಕೆ ಸುಡಿಸಬೇಕು? "ಹೀರಾ" ಅಷ್ಟೇ ತೆಗೆಸುವುದು, "ಬಾಯಿ" ಹಾಗೇ ಬಿಡುವುದು, ಖಾಲಿಯಾದ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ "ಸುಭದ್ರಾ" ಎಂದು ಹೊಸದಾಗಿ ಹಚ್ಚೆ ಹಾಕಿಸುವುದು! ನೋವೂ ಅರ್ಧ, ಕೆಲಸವೂ ಅರ್ಧ, ಹೆಂಡತಿಗೆ ಉಡುಗೊರೆ ಪೂರ್ತಿ! ತಮ್ಮ ಬುದ್ಧಿಗೆ ತಾವೇ ಬೆರಗಾಗಿ ಅವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

"ಹೈದ್ರಾಬಾದಿನಾಗ ಮೀಟಿಂಗ್ ಅದ. ನಾಳಿ ಹೋಗಿ ನಾಡಿದ್ದು ಬರ್ತೇನಿ."

"ಅಲ್ಲಿ ಎಲ್ಲಾ ಉರ್ದುದಾಗ ಮಾತಾಡ್ತಾರಂತ. ಗುರಣ್ಣನ್ನ ಕರ್ಕೊಂಡು ಹೋಗ್ರಿ."

ದೌಲತರಾಯರು ಎದೆ ಸೆಟೆಸಿದರು. "ನನಗ ಉರ್ದು ಹೇಳಿಕೊಡ್ತಿ ಏನು? ನಮ್ಮ ಅಜ್ಜ ನಿಜಾಮನ ಕಾಲದಾಗ ತಹಸೀಲದ ಕಚೇರಿಯೊಳಗ ಇದ್ದವ! ಉರ್ದು ನಮ್ಮ ರಕ್ತದಾಗ ಅದ!"

"ರಕ್ತದಾಗ ಇದ್ದೀತು, ನಾಲಿಗಿ ಮ್ಯಾಲ ಬರಬೇಕಲ್ರಿ. ಹೋದ ವಾರ ಹಾಲಿನ ಚಾಚಾಗ ನೀವೇನೋ ಅಂದ್ರಿ, ಅಂವಾ ತಿರುಗಿ ಬಂದಿಲ್ಲ."

ಇಂಥ ಚಿಲ್ಲರೆ ಮಾತಿಗೆಲ್ಲ ಗಂಡುಗಲಿ ಕಿವಿಗೊಡುತ್ತಾನೆಯೇ? ಮರುದಿನ ಹೈದರಾಬಾದಿನ ಚರ್ಮದ ದವಾಖಾನೆಯಲ್ಲಿ ಡಾಕ್ಟರ್ ಫಕ್ರುನ್ನಿಸಾ ಅವರ ಎದುರು ದೌಲತರಾಯರು ಮೇಜಿನ ಮೇಲೆ ಕೈ ಚಾಚಿ ಕುಳಿತಿದ್ದರು. ಡಾಕ್ಟರಮ್ಮನಿಗೆ ಕನ್ನಡ ಓದಲು ಬಾರದು. ಅವರಿಗೆ ಅದೊಂದು ಹಸಿರು ಬಳ್ಳಿಯ ಹಾಗೆ ಕಂಡಿತು.

"ಪೂರಾ ನಿಕಾಲನಾ?" ಪೂರ್ತಿ ತೆಗೆಯಬೇಕೇ ಎಂದು ಡಾಕ್ಟರು ಕೇಳಿದರು.

"ನೈ, ನೈ!" ದೌಲತರಾಯರು ಅಜ್ಜನನ್ನು ನೆನೆದು ಗಂಟಲು ಸರಿಮಾಡಿಕೊಂಡರು. "ಬಾಯಿ ರಖೋ, ಬಾಕೀ ನಿಕಾಲೋ!"

ಬಾಯಿ ಇರಲಿ, ಬಾಕಿ ತೆಗೀರಿ! ಎಷ್ಟು ಚಂದದ ಉರ್ದು! ಪ್ರಾಸ ಬೇರೆ!

"ಬಾಯೀ? ಪಕ್ಕಾ?"

"ಪಕ್ಕಾ! ಬಾಯಿ ಕೂ ಹಾತ್ ನಕ್ಕೋ ಲಗಾವ್!" ಬಾಯಿಗೆ ಕೈ ಹಚ್ಚಲೇಬೇಡಿ ಎಂದು ದೌಲತರಾಯರು ತಾಕೀತು ಮಾಡಿದರು.

ಡಾಕ್ಟರಮ್ಮ ತಲೆಯಾಡಿಸಿ, ಪೆನ್ನಿನಿಂದ ಹೆಸರಿನ ನಡುವೆ ಒಂದು ಗೆರೆ ಎಳೆದು ಮುಖ ನೋಡಿದರು. ಗೆರೆ ಸರಿಯಾಗಿ "ಹೀರಾ"ಕ್ಕೂ "ಬಾಯಿ"ಗೂ ನಡುವೆ ಬಿದ್ದಿತ್ತು. ದೌಲತರಾಯರು ಮೆಚ್ಚಿ, "ಶಾಬಾಶ್!" ಎಂದರು. ನರ್ಸು ಬಂದು ಅವರ ಕಣ್ಣಿಗೆ ಕಪ್ಪು ಮುಚ್ಚಳ ಕಟ್ಟಿದಳು. ಬೆಳಕು ಕಣ್ಣಿಗೆ ಬೀಳಬಾರದಂತೆ.

ಆಮೇಲೆ ಟಪ್ ಎಂದಿತು. ಕುದಿಯುವ ಎಣ್ಣೆಯ ಹನಿ ಸಿಡಿದ ಹಾಗಾಯಿತು. ಟಪ್! ಟಪ್! ಟಪ್! ಗುರಣ್ಣನ ಬ್ಯಾಟರಿಗೆ ಬೆಂಕಿ ಬೀಳಲಿ! ದೌಲತರಾಯರು ಮೊದಲು ಬಸವಣ್ಣನನ್ನು ಕರೆದರು, ಆಮೇಲೆ ಶರಣಬಸಪ್ಪನನ್ನು, ಕೊನೆಗೆ ಅವ್ವನನ್ನು. ಹೊರಗೆ ಸರದಿಯಲ್ಲಿ ಕುಳಿತಿದ್ದ ಇಬ್ಬರು ಎದ್ದು ಮನೆಗೆ ಹೋದರು. ಎಲ್ಲಿ ಸುಡುತ್ತಿದೆ ಎಂದು ತಿಳಿಯುವ ಸ್ಥಿತಿಯೇ ಅವರಿಗಿರಲಿಲ್ಲ. ಮೈಯೆಲ್ಲ ಸುಟ್ಟ ಹಾಗಿತ್ತು. ಕಣ್ಣಿನ ಮುಚ್ಚಳ ತೆಗೆಯುವಷ್ಟರಲ್ಲಿ ಕೈಗೆ ಉದ್ದಕ್ಕೂ ಬಿಳಿ ಪಟ್ಟಿ ಸುತ್ತಿಯಾಗಿತ್ತು. ಪೂರ್ತಿ ಮಾಯವಾಗಬೇಕಾದರೆ ಮತ್ತೆ ಒಂದೆರಡು ಸಲ ಬರಬೇಕು ಎಂದು ಡಾಕ್ಟರು ಹೇಳಿದಾಗ ದೌಲತರಾಯರು ಆಗಲೇ ಬಾಗಿಲಿನಲ್ಲಿದ್ದರು.

"ಕೈಗೇನಾತ್ರಿ?" ಮನೆಯ ಹೊಸ್ತಿಲಲ್ಲೇ ಸುಭದ್ರಾಬಾಯಿಯವರ ಪ್ರಶ್ನೆ.

"ಬಸ್ಸಿನ ಬಾಗಲಾಗ ಸಿಕ್ತು."

"ಮೀಟಿಂಗ್ ಬಸ್ಸಿನಾಗ ಇತ್ತೇನು?"

ಈ ಹೆಂಗಸು ಪೊಲೀಸ್ ಖಾತೆಗೆ ಸೇರಬೇಕಾಗಿತ್ತು! ದೌಲತರಾಯರು ತುಂಬು ತೋಳಿನ ಅಂಗಿ ಹಾಕಿಕೊಂಡು ಕೆಲವು ದಿನ ತಳ್ಳಿದರು. ಸೋಮವಾರ ಬಂತು. ಪಟ್ಟಿ ಬಿಚ್ಚುವ ದಿನವೂ ಅದೇ. ಬಚ್ಚಲ ಕಲ್ಲಿನ ಮೇಲೆ ಕುಳಿತ ದೌಲತರಾಯರು, ಬಿಸಿನೀರಿನ ತಂಬಿಗೆ ಹಿಡಿದು ಬಂದ ಹೆಂಡತಿಯನ್ನು ಕೈಯೆತ್ತಿ ನಿಲ್ಲಿಸಿದರು. ಮುಖದಲ್ಲಿ ದಿಗ್ವಿಜಯದ ಕಳೆ.

"ನಿಲ್ಲು. ಇವತ್ತ ನಿನಗೊಂದು ಉಡುಗೊರಿ ಕೊಡ್ತೇನಿ. ಹೀರಾ ಅನ್ನೋದನ್ನ ಹೈದ್ರಾಬಾದಿನಾಗ ಸುಡಿಸಿ ಬಂದೇನಿ! ಬಾಯಿ ಅಷ್ಟ ಬಿಟ್ಟೇನಿ. ಅದರ ಮುಂದ ಸುಭದ್ರಾ ಅಂತ ಬರಸ್ತೇನಿ. ಇನ್ನ ನೀ ತಿಕ್ಕೋದೂ ಬ್ಯಾಡ, ಮಂದಿ ನಗೋದೂ ಬ್ಯಾಡ!"

ಹೆಂಡತಿ ಹಿಗ್ಗಿ ಹೀರೇಕಾಯಿ ಆಗುತ್ತಾಳೆ ಎಂದುಕೊಂಡಿದ್ದರು. ಸುಭದ್ರಾಬಾಯಿಯವರು ತಂಬಿಗೆಯನ್ನು ನಿಧಾನಕ್ಕೆ ಕೆಳಗಿಟ್ಟರು. ಮುಖ ಸಣ್ಣದಾಯಿತು.

"ನನ್ನ ಒಂದು ಮಾತು ಕೇಳಬಾರದಾಗಿತ್ತೇನ್ರಿ?"

"ನಿನಗ ಅದು ಕಂಡರ ಆಗಂಗಿಲ್ಲ ಅಂತ... ವಾರಾ ವಾರಾ ತಿಕ್ಕತಿದ್ದೆಲ್ಲ..."

"ಹೋಗಲಿ ಅಂತ ತಿಕ್ಕತಿದ್ದಿಲ್ರಿ. ಬಸ್ ಸ್ಟ್ಯಾಂಡಿನ ಧೂಳ ಕುಂತು ಮಸುಕ ಆಗ್ತದಂತ ತೊಳೀತಿದ್ದೆ." ಅವರು ಕೊಬ್ಬರಿನಾರನ್ನು ಪಕ್ಕಕ್ಕಿಟ್ಟರು. "ಹೀರಾ ಅಂತ ಕರಿಯೋ ನಮ್ಮಪ್ಪ ಹೋದ, ನಮ್ಮವ್ವ ಹೋದಳು. ಮದುವಿ ದಿನ ನೀವ್ ಅಕ್ಕ್ಯಾಗ ಬ್ಯಾರೆ ಹೆಸರು ಬರದಾಗ ಆ ತಟ್ಟಿ ಒದ್ದು ಎದ್ದು ಹೋಗಬೇಕು ಅನ್ನಿಸಿತ್ತು. ನಿಮ್ಮ ಎಡಗೈ ನೋಡಿ ಸುಮ್ಮ ಕುಂತೆ. ಇರಲಿ, ಮಂದಿ ಏನರ ಕರೀಲಿ, ನನ್ನ ಹೆಸರು ಇಂವನ ಮೈಮ್ಯಾಲ ಅದಲ್ಲ ಅಂತ. ಅದು ಉಳದಿದ್ದು ಅದೊಂದೇ ಜಾಗಾದಾಗ. ಅದನ್ನೂ ಸುಟ್ಟು ಬಂದ್ರಿ."

ದೌಲತರಾಯರು ಎತ್ತಿದ ಕೈಯನ್ನು ಕೆಳಗಿಳಿಸಿದರು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು, ಉಟ್ಟು, ಮಲಗಿ ಎದ್ದರೂ ಈ ಮಾತು ತನಗೆ ತಿಳಿಯಲೇ ಇಲ್ಲವಲ್ಲ! ಅಳುಬಂದಂತಾಯಿತು. ನಿಲ್ದಾಣದ ನಗು, ಚಹಾದಂಗಡಿಯವನ ಕಣ್ಣು, ಕೊಳಕೂರಿನವನ ವಿನಯ ಎಲ್ಲ ಒಮ್ಮೆಗೇ ಕಸವಾಗಿ ಕಂಡವು. ತಿರುಗಿ ಬರೆಸೋಣವೆಂದರೆ ನಿಂಬೆವ್ವ ಈಗ ಎಲ್ಲಿ? ತಾವೇ ಪಟ್ಟಿಯ ಗಂಟು ಬಿಚ್ಚಿದರು. ನೋಡಲು ಧೈರ್ಯ ಸಾಲದೆ ಕಣ್ಣು ಮುಚ್ಚಿಕೊಂಡರು.

"ಏನ್ರೀ," ಎಂದರು ಸುಭದ್ರಾಬಾಯಿಯವರು. ದನಿ ಬೇರೆಯಾಗಿತ್ತು. "ಕಣ್ಣ ತೆಗೀರಿ."

ಕಣ್ಣು ತೆರೆದರು. ಮೊಣಕೈ ಕಡೆಗೆ "ಹೀರಾ" ನಿಂಬೆವ್ವ ನಿನ್ನೆ ಬರೆದು ಹೋದ ಹಾಗೆ ಹಸಿರಾಗಿ ನಿಂತಿತ್ತು. ಒಂದು ದೀರ್ಘವೂ ಅಲುಗಿರಲಿಲ್ಲ. ಮಣಿಕಟ್ಟಿನ ಕಡೆ ಕೆಂಪಗೆ ಬಾತು, ಹಕ್ಕಳೆ ಕಟ್ಟಿ ಮಸುಕಾಗಿದ್ದದ್ದು "ಬಾಯಿ"!

"ಉಳದದ!" ಎಂದು ದೌಲತರಾಯರು ಬಸ್ ನಿಲ್ದಾಣದ ದನಿಯಲ್ಲಿ ಕೂಗಿದರು. "ಹೀರಾ ಉಳದದ! ಬಾಯಿ ಹೋಗ್ಯದ!"

ಯಾರಿಗೋ ಏನೋ ಆಯಿತೆಂದು ಜೈತುನಬಿ ಓಡಿಬಂದಳು. ಟವೆಲು ಸುತ್ತಿಕೊಂಡ ದೌಲತರಾಯರು ಹಿಗ್ಗಿನ ಭರದಲ್ಲಿ ಹೈದರಾಬಾದಿನ ಕಥೆಯನ್ನೆಲ್ಲ ಒದರಿಬಿಟ್ಟರು. ತಮ್ಮ ಪ್ರಾಸದ ಸಮೇತ. "ನಾ ಎಷ್ಟು ಸಾಫಾಗಿ ಹೇಳೇನಿ! ಬಾಯಿ ರಖೋ, ಬಾಕೀ ನಿಕಾಲೋ! ಆ ಡಾಕ್ಟರಮ್ಮಗ ಉರ್ದುನೇ ಬರಂಗಿಲ್ಲ!"

ಜೈತುನಬಿ ಕಂಬ ಹಿಡಿದುಕೊಂಡು ನಗಲು ಶುರುಮಾಡಿದಳು. ನಗು ನಿಲ್ಲಿಸಿ ಮಾತಾಡಲು ಎರಡು ಸಲ ನೋಡಿದಳು, ಆಗಲಿಲ್ಲ.

"ಅಯ್ಯ ಭಾಯಿಸಾಬ್! ನಮ್ಮ ಮಾತಿನ್ಯಾಗ ಬಾಯೀ ಅಂದ್ರ ಎಡಗಡಿ! ಎಡಗಡಿದು ಹೀರಾನ ಅಲ್ರಿ? ಅದನ್ನ ಇಡ್ರಿ, ಬಾಕಿದು ತೆಗೀರಿ ಅಂತ ನೀವೇ ಹೇಳೀರಿ. ಪಾಪ, ಆಕಿ ಹೇಳಿದಂಗ ಮಾಡ್ಯಾಳ!"

ಕಣ್ಣೊರೆಸಿಕೊಳ್ಳುತ್ತಿದ್ದ ಸುಭದ್ರಾಬಾಯಿಯವರಿಗೂ ನಗು ಉಕ್ಕಿತು. ಬಚ್ಚಲ ಬಾಗಿಲಲ್ಲೇ ಕುಸಿದು ಕುಳಿತು ನಕ್ಕರು. ನಿಜಾಮನ ಕಾಲದ ಅಜ್ಜನ ಮೊಮ್ಮಗನೂ ನಗದೆ ಗತಿ ಇರಲಿಲ್ಲ.

"ಹೀರಾ," ಎಂದರು ದೌಲತರಾಯರು ಜೈತುನಬಿ ಹೋದಮೇಲೆ, ಮೆಲ್ಲಗೆ, ಹುಡುಗನ ಹಾಗೆ ನಾಚಿ. ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನೀರ ಹಾಕು."

"ಓ," ಎಂದರು ಆಕೆ. ನೀರು ಆರಿಹೋಗಿತ್ತು. ಇಬ್ಬರಿಗೂ ಅದು ಗೊತ್ತಾಗಲಿಲ್ಲ.

ಗಾಯ ಮಾಯ್ದ ಮೇಲೆ "ಬಾಯಿ" ತೊಳೆದ ಶಾಯಿಯ ಹಾಗೆ ಅಲ್ಲಲ್ಲಿ ಮಸುಕಾಗಿ ಉಳಿಯಿತು. ದೌಲತರಾಯರು ಮತ್ತೆ ಹೈದರಾಬಾದಿನ ದಾರಿ ಹಿಡಿಯಲಿಲ್ಲ. ತುಂಬು ತೋಳಿನ ಅಂಗಿಯನ್ನು ಪೆಟ್ಟಿಗೆಗೆ ಹಾಕಿ, ಅರ್ಧ ತೋಳಿನ ಖಾಕಿ ತೊಟ್ಟು, ಕೈ ಎತ್ತಿ ನಿಲ್ದಾಣಕ್ಕೆ ನಡೆದರು. ಈಗ ಯಾರು ಏನೇ ಕೇಳಲಿ! ಚಹಾದಂಗಡಿಯವನು ಕೈ ನೋಡಿದ, ಹುಬ್ಬು ಹಾರಿಸಿದ.

"ಸಾಹೇಬರ, ಮೊದಲ ಹೀರಾಬಾಯಿ ಇದ್ದಳು. ಈಗ ಬರೇ ಹೀರಾ! ಸಲಿಗಿ ಜಾಸ್ತಿ ಆದಂಗ ಕಾಣಸ್ತದ?"

"ಹೌದು, ನನ್ನ ಹೆಂಡ್ತಿ! ಸಲಿಗಿ ಇರಬಾರದೇನು?" ಎಂದು ದೌಲತರಾಯರು ಇಡೀ ನಿಲ್ದಾಣಕ್ಕೆ ಕೇಳುವಂತೆ ಗುಡುಗಿದರು.

"ಮತ್ತ ಬಾಯಿ ಎಲ್ಲಿ ಹೋತ್ರಿ?"

ಜನ ಸುತ್ತ ಸೇರಿದ್ದರು. ನೆಲೋಗಿ ಗಾಡಿಯ ಕಿಟಕಿಗಳಿಂದಲೂ ತಲೆಗಳು ಹೊರಗೆ ಬಂದವು. ದೌಲತರಾಯರಿಗೆ ಹುಮ್ಮಸ್ಸು ಏರಿತು. ಮೀಸೆ ತಿರುವಿ ಎದೆ ಮುಂದೆ ಮಾಡಿದರು.

"ಬಾಯಿ ತೆಗಿಸಿಬಿಟ್ಟೇನಿ! ಗಂಡಸು ಅಂದ್ರ ಹಿಂಗಿರಬೇಕು! ಈಗ ನಮ್ಮ ಹೀರಾಗ ಬಾಯಿನೇ ಇಲ್ಲ!"

ಚಹಾದಂಗಡಿಯವನು ನಗಲಿಲ್ಲ. ದೌಲತರಾಯರ ಹೆಗಲ ಹಿಂದೆ ಏನನ್ನೋ ನೋಡಿ ಮೆಲ್ಲಗೆ ಒಲೆಯ ಕಡೆ ತಿರುಗಿಕೊಂಡ. ಹಿಂದಿನಿಂದ ಊಟದ ಡಬ್ಬಿ ಕಿಣಿಕಿಣಿ ಎಂದಿತು.

"ಯಾರಿಗ್ರೀ ಬಾಯಿ ಇಲ್ಲ?"